12 ಶನಿವಾರ, 800 ರೂಪಾಯಿ, 40 ಅಡಿ ಹಗ್ಗ

ಬೆಂಗಳೂರಿನಲ್ಲಿ ಒಂದು ಕ್ರೈಸ್ತ ಸಭೆಯವರು ನಡೆಸುವ ಬೈಬಲ್ ತರಗತಿಗೆ ಮೂರು ತಿಂಗಳು ಹೋಗಿ ಬಂದೆ. ಹೋಟೆಲ್ಲಿಗೆ, ಮಿಕ್ಸಿಗೆ, ಬ್ಯೂಟಿ ಪಾರ್ಲರಿಗೆಲ್ಲ ಜನ ಉದ್ದುದ್ದ ರಿವ್ಯೂ ಬರೆಯುತ್ತಾರೆ, ಇಂಥದ್ದಕ್ಕೆ ಮಾತ್ರ ಯಾರೂ ಬರೆಯುವುದಿಲ್ಲ. ಬರೆದರೂ "ತುಂಬಾ ಆಶೀರ್ವಾದವಾಯಿತು, ದೇವರಿಗೆ ಸ್ತೋತ್ರ" ಅಂತ ಒಂದು ಸಾಲು. ಸೇರಬೇಕೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ಅದರಿಂದ ಏನು ಗೊತ್ತಾಗುತ್ತದೆ? ಹಾಗಾಗಿ ಕೊಟ್ಟ ದುಡ್ಡಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ ನೇರವಾಗಿ ಬರೆಯುತ್ತಿದ್ದೇನೆ. ಸಭೆಯ ಹೆಸರು ಮಾತ್ರ ಹಾಕುವುದಿಲ್ಲ. ಕೆಳಗೆ ದೂರುಗಳಿವೆ, ಅಲ್ಲಿನ ಪಾದ್ರಿ ಅಯ್ಯನವರ ಮುಖ ನಾನು ಮತ್ತೆ ನೋಡಬೇಕು.

ನೋಟಿಸಿನಲ್ಲಿ ಇದ್ದದ್ದು ಇಷ್ಟು: "ದೇವರ ದೊಡ್ಡ ಕಥೆ, ಅದರಲ್ಲಿ ನನ್ನ ಜಾಗ." 12 ಶನಿವಾರ, ಸಂಜೆ ಐದೂವರೆಯಿಂದ ಏಳೂವರೆ. ಫೀಸು 800 ರೂಪಾಯಿ, ಅದರಲ್ಲೇ ಒಂದು ಪುಸ್ತಿಕೆ, ಟೀ, ಎರಡು ಬಿಸ್ಕತ್ತು. ಪುಸ್ತಿಕೆಯ ಬಗ್ಗೆ ಆಮೇಲೆ ಹೇಳುತ್ತೇನೆ. ಟೀ ಚೆನ್ನಾಗಿತ್ತು.

ಹಾಲ್ ದೇವಾಲಯದ ಹಿಂದಿನದು, ಮದುವೆ ಊಟಕ್ಕೆ ಕೊಡುವಂಥದ್ದು. ಪ್ಲಾಸ್ಟಿಕ್ ಕುರ್ಚಿ. ಎರಡು ಗಂಟೆ ಕೂತರೆ ಸೊಂಟ ಹಿಡಿಯುತ್ತದೆ, ಮನೆಯಿಂದ ದಿಂಬು ತಂದವರೇ ಜಾಣರು. ಆರು ಫ್ಯಾನುಗಳಲ್ಲಿ ಐದು ತಿರುಗುತ್ತವೆ. ಆರನೆಯದು ಸರಿಯಾಗಿ ಮೂರನೇ ಸಾಲಿನ ಮೇಲೆ, ನಾನು ಕೂರುತ್ತಿದ್ದ ಜಾಗದಲ್ಲಿ. ಮೊದಲ ದಿನ ಹೇಳಿದೆ, ನಾಲ್ಕನೇ ವಾರ ಮತ್ತೆ ಹೇಳಿದೆ, "ಕಮಿಟಿಗೆ ಹೇಳ್ತೀವಿ ಅಮ್ಮಾ" ಅಂದರು. ಕಮಿಟಿಗೆ ಹೇಳಿದ್ದು ಎಲ್ಲಿಗೆ ಹೋಗುತ್ತದೆ ಅಂತ ಸಭೆಯಲ್ಲಿ ಬೆಳೆದವರಿಗೆಲ್ಲ ಗೊತ್ತೇ ಇದೆ. ಸ್ಕೂಟರ್ ನಿಲ್ಲಿಸಲು ಜಾಗ ಉಂಟು, ಕಾರಿಗೆ ಇಲ್ಲ.

ನಾನು ಸೇರಿದ್ದು ಯಾಕೆ ಅನ್ನುವುದನ್ನು ಹೇಳದೆ ಮುಂದೆ ಹೋದರೆ ಉಳಿದದ್ದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಇರುತ್ತದೆ. ಹನ್ನೆರಡು ಹೊಡೆದ ಮೇಲೆ ಒಂದು ತಟ್ಟೆಯಲ್ಲಿ ಒಂದೊಂದು ಬೈಬಲ್ ವಚನ ಇರುವ ವಾಗ್ದಾನದ ಕಾರ್ಡುಗಳನ್ನು ತರುತ್ತಾರೆ, ಒಬ್ಬೊಬ್ಬರು ಒಂದೊಂದು ಎತ್ತಿಕೊಳ್ಳಬೇಕು, ಅದು ಆ ವರ್ಷಕ್ಕೆ ನಿಮ್ಮ ವಾಗ್ದಾನ. ಎತ್ತುವಾಗ ಎದೆ ಡವಡವ ಅನ್ನುತ್ತದೆ, ಸುಳ್ಳು ಯಾಕೆ ಹೇಳಲಿ. ಆ ವರ್ಷ ನನಗೆ ಬಂದದ್ದು ಯೆರೆಮೀಯ 29:11. ನಿಮ್ಮ ಬಗ್ಗೆ ನನ್ನ ಆಲೋಚನೆಗಳು ಹಿತದವು, ಕೇಡಿನವಲ್ಲ, ನಿಮಗೆ ನಿರೀಕ್ಷೆ ಇರಲಿ ಅಂತಲೇ ಯೋಚಿಸಿದ್ದೇನೆ ಅಂತ ದೇವರು ಹೇಳುವ ವಚನ. ಅರ್ಧ ಕ್ರೈಸ್ತರ ಮನೆ ಕ್ಯಾಲೆಂಡರಿನಲ್ಲಿ ಇದೇ ಇರುತ್ತದೆ. ಅಮ್ಮನಿಗೆ ತೋರಿಸಿದೆ, ಖುಷಿಪಟ್ಟಳು. ಮಾರ್ಚಿನಲ್ಲಿ ಅಮ್ಮ ಹಾಸಿಗೆ ಹಿಡಿದಳು. ಆಗಸ್ಟಿನಲ್ಲಿ ಹೋದಳು. ಕಾರ್ಡು ಮಾತ್ರ ನನ್ನ ಸತ್ಯವೇದದ, ಅಂದರೆ ಬೈಬಲ್ಲಿನ, ಒಳಗೇ ಇತ್ತು. ಬಿಸಾಡಲೂ ಆಗಲಿಲ್ಲ, ಓದಲೂ ಆಗಲಿಲ್ಲ.

ಸಭೆ ಬಿಡಲಿಲ್ಲ ನಾನು. ಭಾನುವಾರ ಹೋಗುತ್ತಿದ್ದೆ, ಹಾಡುತ್ತಿದ್ದೆ. ಆದರೆ ಪ್ರಸಂಗ ಕೇಳುವಾಗ ಇದೆಲ್ಲ ಬೇರೆ ಯಾರಿಗೋ ಹೇಳುತ್ತಿರುವುದು ಅನ್ನಿಸುತ್ತಿತ್ತು. ಆಮೇಲೆ ಈ ನೋಟಿಸ್ ನೋಡಿದೆ.

ಕಲಿಸುವವರು ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಅವರು ಅಯ್ಯನವರಲ್ಲ, ಪಾಸ್ಟರ್ ಕೂಡ ಅಲ್ಲ. ಎಲ್ಲರೂ ಸರ್ ಅನ್ನುತ್ತಾರೆ. ಮೈಕ್ ಮುಟ್ಟುವುದಿಲ್ಲ. ಕೂಗುವುದಿಲ್ಲ. ಇದಕ್ಕೇ ಅರ್ಧ ಸ್ಟಾರ್ ಜಾಸ್ತಿ ಕೊಟ್ಟಿದ್ದೇನೆ. ಮೊದಲ ಒಂದು ಗಂಟೆ ನಾವೇ ಸರದಿಯಂತೆ ಗಟ್ಟಿಯಾಗಿ ಓದಬೇಕು, ಒಂದು ವಚನ ಎತ್ತಿಕೊಂಡು ಬಿಡುವ ಹಾಗಿಲ್ಲ, ಅಧ್ಯಾಯಕ್ಕೆ ಅಧ್ಯಾಯವೇ ಓದಬೇಕು. ಒಬ್ಬರ ಕೈಯಲ್ಲಿ ಹಳೆಯ ಅನುವಾದ, ಇನ್ನೊಬ್ಬರ ಕೈಯಲ್ಲಿ ಸರಳ ಕನ್ನಡದ್ದು, ಮಗ್ಗುಲಿನ ಹುಡುಗನ ಕೈಯಲ್ಲಿ ಮೊಬೈಲು. ಹಳೆಯದನ್ನು ಓದುವಾಗ ಅರ್ಧ ಪದ ತಿಳಿಯದಿದ್ದರೂ ಕಿವಿಗೆ ಅದೇ ಹಿತ. ಎರಡನೇ ಗಂಟೆ ಹಗ್ಗ.

ಹಗ್ಗ ಅಂದರೆ ಬಟ್ಟೆ ಒಣಗಿಸುವ ನೈಲಾನ್ ಹಗ್ಗವೇ. ಮೊದಲ ದಿನ ಸರ್ ಅದನ್ನು ಹಾಲಿನ ಒಂದು ಮೂಲೆಯಿಂದ ಕಟ್ಟಿ, ಕಂಬ ಸುತ್ತಿಸಿ, ಇನ್ನೊಂದು ತುದಿಯನ್ನು ಕಿಟಕಿಯಿಂದ ಹೊರಗೆ ಹಾಯಿಸಿ ಕಾಂಪೌಂಡಿನ ಹೊಂಗೆ ಮರಕ್ಕೆ ಬಿಗಿದರು. ಒಂದು ಅಡಿಗೆ 100 ವರ್ಷ. ಅಬ್ರಹಾಮ ಸುಮಾರು ಕ್ರಿಸ್ತಪೂರ್ವ 2000 ಅಂತ ಇಟ್ಟುಕೊಂಡರೆ ಅಲ್ಲಿಂದ ಇವತ್ತಿಗೆ 40 ಅಡಿ. ಪ್ರತಿ ವಾರ ಓದಿದ್ದನ್ನು ಚೀಟಿಯಲ್ಲಿ ಬರೆದು ಬಟ್ಟೆ ಕ್ಲಿಪ್ಪು ಹಾಕಿ ಸಿಕ್ಕಿಸುವುದು. ಸೃಷ್ಟಿಯ ಚೀಟಿಯನ್ನು ಹಗ್ಗ ಶುರುವಾಗುವ ಮೊದಲೇ ಬಾಗಿಲಿನ ಚಿಲಕಕ್ಕೆ ಸಿಕ್ಕಿಸಿ "ಇದರ ತಾರೀಕು ಕೇಳಬೇಡಿ" ಅಂದರು. ಒಬ್ಬ ಹುಡುಗ ಕೇಳಿಯೇ ಬಿಟ್ಟ. ಸರ್ ಟೀ ಕುಡಿಯಲು ಹೋದರು. ಆ ಕಡೆ, ಕಿಟಕಿಯಿಂದ ಆಚೆ, ಪ್ರಕಟನೆ ಪುಸ್ತಕದ ಕೊನೆಯಲ್ಲಿ ಬರುವ ಹೊಸ ಆಕಾಶ, ಹೊಸ ಭೂಮಿ. ಅಲ್ಲಿಯೂ ಒಂದು ಮರ ಇದೆ, ಎಲ್ಲ ಜನಾಂಗಗಳಿಗೆ ಔಷಧವಾಗುವ ಎಲೆಗಳ ಮರ, ಅದಕ್ಕೇ ಹೊಂಗೆ ಮರಕ್ಕೆ ಕಟ್ಟಿದ್ದು. ಎರಡನೇ ವಾರ ಹೋಗಿ ನೋಡಿದರೆ ಆ ತುದಿಯಲ್ಲಿ ವಾಚ್‌ಮನ್ ತನ್ನ ಟವೆಲ್ಲು, ಬನಿಯನ್ನು ಒಣಹಾಕಿದ್ದ. ಸರ್ ತೆಗೆಸಲಿಲ್ಲ. ಕೊನೆಯವರೆಗೂ ಶನಿವಾರ ಶನಿವಾರ ಹೊಸ ಭೂಮಿಯ ಕಡೆ ಒಂದು ಬನಿಯನ್ನು ನೇತಾಡುತ್ತಲೇ ಇತ್ತು.

ನಾನು ಒಂದು ಶಾಲೆಯಲ್ಲಿ ಲೆಕ್ಕ ಬರೆಯುವವಳು. ಅಂಕಿ ನೋಡಿದರೆ ಕೂಡಿಸುವ ಚಟ. ಹಾಗಾಗಿ ಮೂರ್ನಾಲ್ಕು ವಾರಕ್ಕೇ ನನಗೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಹಗ್ಗದ ಮೇಲೆ ಚೀಟಿಗಿಂತ ಖಾಲಿ ಜಾಗವೇ ಜಾಸ್ತಿ. ಇಸ್ರಾಯೇಲ್ಯರು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಇದ್ದದ್ದು 430 ವರ್ಷ ಅಂತ ವಿಮೋಚನಕಾಂಡ ಹೇಳುತ್ತದೆ. ಅಂದರೆ ನಾಲ್ಕು ಅಡಿ ಮೇಲೆ. ಆ ನಾಲ್ಕು ಅಡಿಯಲ್ಲಿ ಯೋಸೇಫ ಸತ್ತ ಮೇಲೆ ಮೋಶೆ ಹುಟ್ಟುವವರೆಗೆ ಸಿಕ್ಕಿಸಲು ಹೆಚ್ಚುಕಡಿಮೆ ಏನೂ ಇಲ್ಲ. ಹಳೆಯ ಒಡಂಬಡಿಕೆಯ ಕೊನೆಯ ಪುಸ್ತಕ ಮಲಾಕಿಯನಿಂದ ಹೊಸ ಒಡಂಬಡಿಕೆಯ ಮೊದಲ ಪುಸ್ತಕ ಮತ್ತಾಯನವರೆಗೆ, ನಮ್ಮ 66 ಪುಸ್ತಕಗಳ ಸತ್ಯವೇದದಲ್ಲಿ ಒಂದು ಹಾಳೆ ಮಗುಚಿದರೆ ಆಯಿತು. ಹಗ್ಗದಲ್ಲಿ ಅದು ಮತ್ತೆ ನಾಲ್ಕು ಅಡಿ. ನಾನು ಎದ್ದು ಹೋಗಿ ಆ ಖಾಲಿ ಹಗ್ಗದ ಪಕ್ಕ ನಡೆದು ನೋಡಿದೆ. ಅಲ್ಲಿ ಜನ ಇರಲಿಲ್ಲವಾ? ಇದ್ದರು. ಗೋಧಿ ಬೀಸಿದರು, ಮಕ್ಕಳಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಕೂತರು, ಅಪ್ಪ ಅಮ್ಮನನ್ನು ಮಣ್ಣು ಮಾಡಿದರು. ಒಬ್ಬ ಪ್ರವಾದಿ ಬರಲಿಲ್ಲ, ಒಂದು ಸಮುದ್ರ ಎರಡಾಗಿ ಬಿಡಲಿಲ್ಲ. ಆದರೂ ಮಕ್ಕಳಿಗೆ ಅಬ್ರಹಾಮನ ಕಥೆ ಹೇಳಿದರು, ಇಲ್ಲದಿದ್ದರೆ ಹಗ್ಗ ಅಲ್ಲೇ ತುಂಡಾಗುತ್ತಿತ್ತು.

ಇದನ್ನು ಸರ್ ಹೇಳಿಕೊಟ್ಟದ್ದಲ್ಲ, ಹಗ್ಗವೇ ತೋರಿಸಿದ್ದು. ನಾನು ಹೇಳಿದಾಗ ಅವರಿಗೂ ಖುಷಿಯಾಯಿತು, "ನಿಮ್ಮ ಚೀಟಿಯನ್ನೂ ಖಾಲಿ ಜಾಗದಲ್ಲೇ ಹಾಕಬೇಕಾಗುತ್ತೆ ಅಲ್ವಾ ಅಮ್ಮಾ" ಅಂದರು. ಮೊದಲು ಬೇಜಾರಾಯಿತು.

ಯೇಸುವಿನ ವಂಶಾವಳಿಗೆ ಒಂದು ಪೂರ್ತಿ ಸಂಜೆ ಕೊಟ್ಟರು. ನಮ್ಮ ಅಪ್ಪ ಗದಗಿನ ಬೆಟಗೇರಿಯ ಮನೆಯಲ್ಲಿ ಸಂಜೆ ಪ್ರಾರ್ಥನೆಗೆ ಸತ್ಯವೇದ ಮೊದಲಿಂದ ಕೊನೆವರೆಗೆ ಬಿಡದೆ ಓದುತ್ತಿದ್ದರು, ಮತ್ತಾಯ ಒಂದು ಬಂದರೆ ನಾವು ಮಕ್ಕಳು "ಪಡೆದನು, ಪಡೆದನು" ಅಂತ ಕೇಳುತ್ತಾ ಗೋಡೆಗೆ ಒರಗಿ ನಿದ್ದೆ. ಈಗ 46ನೇ ವಯಸ್ಸಿನಲ್ಲಿ ಅದನ್ನೇ ದುಡ್ಡು ಕೊಟ್ಟು ಓದಿದೆ. ಆ ಪಟ್ಟಿಯಲ್ಲಿ ಐವರು ಹೆಂಗಸರು. ತಾಮಾರ, ರಾಹಾಬ, ರೂತ್, ಊರೀಯನ ಹೆಂಡತಿ, ಆಮೇಲೆ ಮರಿಯ. ಇಷ್ಟು ಪ್ರಸಂಗದಲ್ಲಿ ಕೇಳಿ ಗೊತ್ತಿತ್ತು. ಕೇಳದೆ ಇದ್ದದ್ದು ಅಜೋರ, ಅಖೀಮ, ಎಲಿಹೂದ. ಬಾಬೆಲಿನ (ಬ್ಯಾಬಿಲೋನಿನ) ಸೆರೆಯಿಂದ ಬಂದ ಮೇಲಿನ ತಲೆಮಾರುಗಳು. ಇವರು ಏನು ಮಾಡಿದರು? ಬೈಬಲ್ಲಿನಲ್ಲಿ ಬೇರೆ ಎಲ್ಲೂ ಇವರ ಸುದ್ದಿ ಇಲ್ಲ. ಹುಟ್ಟಿದರು, ಒಂದು ಮಗುವನ್ನು ಬೆಳೆಸಿದರು, ಪಟ್ಟಿಯಲ್ಲಿ ಹೆಸರು ಬಂತು. ಸರ್ ಈ ಮೂರು ಹೆಸರುಗಳನ್ನು ಹಗ್ಗದ ಆ ಖಾಲಿ ನಾಲ್ಕು ಅಡಿಯಲ್ಲಿ ಸಿಕ್ಕಿಸಿ ಕೂತುಬಿಟ್ಟರು.

ಏಳನೇ ವಾರ ಯೆರೆಮೀಯ. ನಾನು ಆ ವಾರ ಹೋಗಬಾರದು ಅಂದುಕೊಂಡಿದ್ದೆ. ಹೋದೆ. 28ನೇ ಅಧ್ಯಾಯದಿಂದ ಓದಿಸಿದರು, 29ರಿಂದಲ್ಲ. 28ರಲ್ಲಿ ಹನನ್ಯ ಅಂತ ಒಬ್ಬ ಪ್ರವಾದಿ ಬರುತ್ತಾನೆ. ಬಾಬೆಲಿನವರು ಆಗಲೇ ಒಂದು ಗುಂಪನ್ನು ಸೆರೆ ಒಯ್ದಾಗಿದೆ, ಅದು ಕ್ರಿಸ್ತಪೂರ್ವ 597. ಹನನ್ಯ ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು ಹೇಳುತ್ತಾನೆ, ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ. ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಕಿತ್ತು ಮುರಿಯುತ್ತಾನೆ. ಒಳ್ಳೆಯ ಸೀನು. ಜನ ಚಪ್ಪಾಳೆ ಹೊಡೆದಿರಬೇಕು. ಸರ್ ಅಲ್ಲಿ ನಿಲ್ಲಿಸಿ ಕೇಳಿದರು, "ಡಿಸೆಂಬರ್ 31ಕ್ಕೆ ತಟ್ಟೆಯಲ್ಲಿ ಹನನ್ಯನ ಕಾರ್ಡೂ ಯೆರೆಮೀಯನ ಕಾರ್ಡೂ ಇದ್ದರೆ ನೀವು ಯಾವುದು ಎತ್ತುತ್ತೀರಿ?" ಯಾರೂ ಉತ್ತರ ಕೊಡಲಿಲ್ಲ. ಎಲ್ಲರಿಗೂ ಹನನ್ಯನದೇ ಬೇಕು.

ಆಮೇಲೆ 29. ಇದು ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರ, ಒಯ್ದ ಇಬ್ಬರ ಹೆಸರೂ ಅಲ್ಲೇ ಇದೆ. ಪತ್ರದಲ್ಲಿ ಏನಿದೆ? ಮನೆ ಕಟ್ಟಿಕೊಳ್ಳಿ. ತೋಟ ಮಾಡಿ, ಹಣ್ಣು ತಿನ್ನಿ. ಮಕ್ಕಳಿಗೆ ಮದುವೆ ಮಾಡಿ. ನೀವು ಸೆರೆಯಾಗಿರುವ ಆ ಊರಿಗೇ ಒಳ್ಳೆಯದಾಗಲಿ ಅಂತ ಪ್ರಾರ್ಥಿಸಿ. ನನ್ನ ಸರದಿ ಬರುವ ಹೊತ್ತಿಗೆ ಹತ್ತನೇ ವಚನ. ಬೇಕಂತಲೇ ಮಾಡಿದರೋ ಏನೋ ಗೊತ್ತಿಲ್ಲ. ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ತಿರುಗಿ ಕರೆತರುತ್ತೇನೆ ಅಂತ ಇದೆ ಅಲ್ಲಿ. ನನ್ನ ಕಾರ್ಡಿನ ವಚನದ ಮೇಲಿನ ಸಾಲು! ಇಷ್ಟು ವರ್ಷದಲ್ಲಿ ಒಂದು ಸಾಲು ಮೇಲೆ ಕಣ್ಣು ಹಾಯಿಸಿರಲಿಲ್ಲ ನಾನು. ತಲೆಯಲ್ಲೇ ಲೆಕ್ಕ ಹಾಕಿದೆ. 40 ವರ್ಷದವರು ಈ ಪತ್ರ ಕೇಳಿದ್ದರೆ, 70 ಕೂಡಿಸಿ, 110. ಪರ್ಷಿಯಾದ ಕೋರೆಷ ರಾಜ ಯೆಹೂದ್ಯರನ್ನು ವಾಪಸ್ ಹೋಗಲು ಬಿಟ್ಟದ್ದು ಕ್ರಿಸ್ತಪೂರ್ವ 538ರಲ್ಲಿ. ಪತ್ರ ಓದಿಸಿಕೊಂಡು ಕಣ್ಣು ಒರೆಸಿಕೊಂಡ ಅಮ್ಮಂದಿರಲ್ಲಿ ಹೆಚ್ಚಿನವರು ಬಾಬೆಲಿನ ಮಣ್ಣಲ್ಲೇ ಹೋದರು. ಹಿತದ ಆಲೋಚನೆ ಅಂತ ದೇವರು ಹೇಳಿದ್ದು ಅವರಿಗೇ.

ಇನ್ನೊಂದು ಮಾತು ಸರ್ ಹೇಳಿದ್ದು, ಇದು ಕನ್ನಡದವರಿಗೇ ಹೊಳೆಯಬೇಕಾದ್ದು. ಕಾರ್ಡಿನಲ್ಲಿ "ನಿಮ್ಮ" ಅಂತ ಇದೆ. ನಾವು ಅದನ್ನು ಮರ್ಯಾದೆಯ "ನಿಮ್ಮ" ಅಂತ ಓದಿಕೊಳ್ಳುತ್ತೇವೆ, ಬ್ಯಾಂಕಿನಿಂದ ಬಂದ ಪತ್ರದ ಹಾಗೆ, ನನಗೊಬ್ಬಳಿಗೇ ಬಂದದ್ದು ಅಂತ. ಆದರೆ ಸತ್ಯವೇದದಲ್ಲಿ ದೇವರು ಯಾರಿಗೆ ಮರ್ಯಾದೆ ಕೊಟ್ಟು ಮಾತಾಡುತ್ತಾನೆ? ಅಬ್ರಹಾಮನಿಗೂ ನೀನು, ಮೋಶೆಗೂ ನೀನು. ನಾವೂ ಪ್ರಾರ್ಥನೆಯಲ್ಲಿ ಅವನಿಗೆ ನೀನು ಅನ್ನುತ್ತೇವೆ. ಹಾಗಾದರೆ ಇಲ್ಲಿ "ನಿಮ್ಮ" ಅಂದರೆ ಬಹಳ ಜನ. ಇಡೀ ಸೆರೆಯ ಗುಂಪು, ಅವರ ಮಕ್ಕಳು, ಮೊಮ್ಮಕ್ಕಳು, ಎಲ್ಲರೂ ಒಟ್ಟಿಗೆ. ನನಗೆ ಕೂತಲ್ಲೇ ಬೆವರಿತು. ಫ್ಯಾನ್ ಬೇರೆ ಇರಲಿಲ್ಲ. ನನ್ನ ಹೆಸರಿಗೆ ಬಂದಿದೆ ಅಂದುಕೊಂಡು ವರ್ಷಗಟ್ಟಲೆ ಇಟ್ಟುಕೊಂಡಿದ್ದ ಪತ್ರ ಇಡೀ ಊರಿನದಾಗಿತ್ತು. ದುಃಖ ಕಡಿಮೆ ಆಯಿತು ಅಂತ ಹೇಳಲಾರೆ. ಆದರೆ ದೇವರು ಮಾತು ತಪ್ಪಿದ ಅಂತ ಒಳಗೊಳಗೇ ಇಟ್ಟುಕೊಂಡಿದ್ದ ಸಿಟ್ಟು ಆ ಸಂಜೆ ಸಡಿಲವಾಯಿತು. ಮಾತು ಕೊಟ್ಟದ್ದು ನಾನು ಅಂದುಕೊಂಡ ಮಾತೇ ಆಗಿರಲಿಲ್ಲ.

ಅದೇ ದಿನ ಹಿಂದಿನ ಸಾಲಿನ ಒಬ್ಬ ಹೆಣ್ಣುಮಗಳು ಎದ್ದು ನಿಂತು, ಅವಳ ಮಗು ಹೋಗಿತ್ತಂತೆ, "ಹಾಗಾದರೆ ನನ್ನ ಜಾಗ ಇದೇನಾ ಸರ್? ಈ ಕಥೆಯಲ್ಲಿ ನನಗೆ ಕೊಟ್ಟದ್ದು ಇದೇನಾ?" ಅಂತ ಕೇಳಿದಳು. ಇಂಥ ಕಡೆ ನಮ್ಮವರು ತಕ್ಷಣ ಒಂದು ವಚನ ತೆಗೆದು ಕೊಡುತ್ತಾರೆ, ಮಾತ್ರೆ ಕೊಟ್ಟ ಹಾಗೆ. ಸರ್ ಕೊಡಲಿಲ್ಲ. "ಗೊತ್ತಿಲ್ಲ ತಾಯಿ" ಅಂದರು. ಆಮೇಲೆ ಕ್ಲಾಸು ಮುಂದುವರಿಸದೆ ಎಲ್ಲರನ್ನೂ ಟೀಗೆ ಬಿಟ್ಟು ಅವಳ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತರು. ಬೇರೆ ತರಗತಿ ನೋಡುತ್ತಿರುವವರು ಇದೊಂದನ್ನು ಗಮನಿಸಿ, ಕಲಿಸುವವರಿಗೆ ಗೊತ್ತಿಲ್ಲ ಅನ್ನಲು ಬರುತ್ತದಾ ಅಂತ. ಪುಸ್ತಿಕೆ, ಫೀಸು ಎಲ್ಲ ಆಮೇಲೆ.

ಇನ್ನು ನೆಹೆಮೀಯ ಮೂರನೇ ಅಧ್ಯಾಯ. ಯಾರೂ ಓದದ ಅಧ್ಯಾಯ ಅಂತ ಪಣ ಕಟ್ಟಬಹುದು. ಯೆರೂಸಲೇಮಿನ ಮುರಿದ ಗೋಡೆಯನ್ನು ಯಾರು ಯಾರು ಎಲ್ಲಿಂದ ಎಲ್ಲಿಗೆ ಕಟ್ಟಿದರು ಅಂತ ಉದ್ದನೆ ಪಟ್ಟಿ, ನಮ್ಮ ಶಾಲೆಯ ಕಾಂಟ್ರಾಕ್ಟರ್ ಬಿಲ್ಲಿನ ಹಾಗೆ. ಅಕ್ಕಸಾಲಿಗರು ಕಟ್ಟಿದರು. ಸುಗಂಧ ಮಾಡುವವನೊಬ್ಬ ಕಟ್ಟಿದ, ಅವನ ಹೆಸರೂ ಹನನ್ಯ, ಆ ಹನನ್ಯ ಅಲ್ಲ. ಶಲ್ಲೂಮ ಅನ್ನುವವನ ಜೊತೆ ಅವನ ಹೆಣ್ಣುಮಕ್ಕಳೂ ಕಲ್ಲು ಹೊತ್ತರು. ತೆಕೋವದ ದೊಡ್ಡ ಮನುಷ್ಯರು ಮಾತ್ರ ಹೆಗಲು ಕೊಡಲಿಲ್ಲ ಅಂತ ಅದನ್ನೂ ಬರೆದಿಟ್ಟಿದ್ದಾರೆ, ಸಾವಿರಾರು ವರ್ಷದಿಂದ ಎಲ್ಲರೂ ಓದುತ್ತಿದ್ದಾರೆ, ಪಾಪ. ಹೋಗ್ತಾ ಹೋಗ್ತಾ ಒಂದು ಮಾತು ಮತ್ತೆ ಮತ್ತೆ ಬರುತ್ತದೆ, ಇಂಥವನು ತನ್ನ ಮನೆಯ ಎದುರಿನ ಭಾಗ ಕಟ್ಟಿದ, ಇಂಥವನು ತನ್ನ ಮನೆಯ ಎದುರಿನದು. ಇಡೀ ಗೋಡೆ ಯಾರೂ ಕಟ್ಟಲಿಲ್ಲ.

ಚಿಕ್ಕಂದಿನಿಂದ ನನಗೆ ದೇವರ "ಕರೆ" ಅಂದರೆ ಊರು ಬಿಟ್ಟು ಹೋಗುವುದು. ಬೆಟಗೇರಿಯಲ್ಲಿ ಸಂಡೇ ಸ್ಕೂಲಿನಲ್ಲಿ ನಮಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರ ಕಥೆ ಹೇಳುತ್ತಿದ್ದರು, 1834ರಲ್ಲಿ ಹಡಗಿನಲ್ಲಿ ಬಂದು ಮಂಗಳೂರು ಸೇರಿದ ಮೂವರು, ಅಲ್ಲಿಂದ ಧಾರವಾಡ, ಹುಬ್ಬಳ್ಳಿ, 1841ರಲ್ಲಿ ನಮ್ಮ ಬೆಟಗೇರಿ. ನಮ್ಮ ಮುತ್ತಜ್ಜ ನೇಕಾರ. ಅವನು ಎಲ್ಲಿಗೂ ಹೋಗಲಿಲ್ಲ, ಮಗ್ಗದ ಗುಂಡಿಯಲ್ಲೇ ಕೂತು ಜೀವನ ಕಳೆದ. ಕಥೆಯಲ್ಲಿ ಹಡಗಿನವರಿಗೆ ಹೆಸರಿತ್ತು, ಮಗ್ಗದವನಿಗೆ ಇರಲಿಲ್ಲ. ಹಗ್ಗದ ಮೇಲೆ ಅಳೆದು ನೋಡಿದೆ, 1841 ಅಂದರೆ ತುದಿಯಿಂದ ಎರಡು ಅಡಿಯೂ ಇಲ್ಲ. ಇಷ್ಟು ಮೊನ್ನೆ ಮೊನ್ನೆ ಬಂದವರು ನಾವು, ಆದರೂ ದೇವಾಲಯದಲ್ಲಿ ಮುಂದಿನ ಬೆಂಚಿಗೆ ಜಗಳ.

ಲೆಕ್ಕದವಳಾದ ನನಗೆ ಬೋನಸ್ಸು ಸಿಕ್ಕಿದ್ದು ಹತ್ತನೇ ವಾರ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ, ಬರೀ ವಂದನೆಗಳು, ಇಪ್ಪತ್ತಕ್ಕೂ ಹೆಚ್ಚು ಹೆಸರು. ಅಷ್ಟು ದೊಡ್ಡ ಪತ್ರವನ್ನು ಪೌಲ ಹೇಳಿದ್ದು, ಕೈಯಲ್ಲಿ ಬರೆದವನು ತೆರ್ತ್ಯ. ಮಧ್ಯದಲ್ಲಿ ಅವನೇ ತಲೆ ಹಾಕಿ, ಬರೆದ ನಾನೂ ನಿಮಗೆ ವಂದನೆ ಹೇಳುತ್ತೇನೆ ಅಂತ ಒಂದು ಸಾಲು ಸೇರಿಸಿಬಿಟ್ಟಿದ್ದಾನೆ! ಪಕ್ಕದಲ್ಲೇ ಎರಸ್ತ, ಪಟ್ಟಣದ ಖಜಾನೆ ನೋಡಿಕೊಳ್ಳುವವನು. ಖಜಾನೆ! ಅಂದರೆ ರಶೀದಿ, ಜಮಾ, ಖರ್ಚು. ಕೊರಿಂಥದಲ್ಲಿ 1929ರಲ್ಲಿ ಅಗೆಯುವಾಗ ಎರಸ್ತ ಅನ್ನುವ ಅಧಿಕಾರಿ ತನ್ನ ಸ್ವಂತ ಖರ್ಚಿನಲ್ಲಿ ಕಲ್ಲುಹಾಸು ಹಾಕಿಸಿದ ಅಂತ ಬರೆದ ಕಲ್ಲು ಸಿಕ್ಕಿತಂತೆ. ಅವನೇ ಇವನಾ ಅನ್ನುವುದರಲ್ಲಿ ಪಂಡಿತರು ಇನ್ನೂ ಜಗಳ ಆಡುತ್ತಿದ್ದಾರೆ. ನನಗೆ ಅವನೇ ಇರಲಿ ಅಂತ ಆಸೆ. ಇಷ್ಟು ವರ್ಷದಲ್ಲಿ ಒಬ್ಬ ಅಯ್ಯನವರೂ ಲೆಕ್ಕ ಬರೆಯುವವರ ಮೇಲೆ ಪ್ರಸಂಗ ಮಾಡಿದ್ದು ನಾನು ಕೇಳಿಲ್ಲ, ಸುಂಕದವರನ್ನು ಬೈದದ್ದು ಮಾತ್ರ ಕೇಳಿದ್ದೇನೆ.

ಈಗ ದೂರುಗಳು. ಪುಸ್ತಿಕೆ ದಂಡ. ಯಾವುದೋ ಇಂಗ್ಲಿಷ್ ಪುಸ್ತಕದಿಂದ ಎತ್ತಿ ಕನ್ನಡ ಅಕ್ಷರದಲ್ಲಿ ಇಳಿಸಿದ್ದಾರೆ, ಒಂದೊಂದು ವಾಕ್ಯವನ್ನು ಮೂರು ಸಲ ಓದಿದರೂ ಕರ್ತೃ ಯಾರು ಕ್ರಿಯಾಪದ ಯಾವುದು ತಿಳಿಯುವುದಿಲ್ಲ, ಅಚ್ಚಿನ ತಪ್ಪು ಬೇರೆ. ಬಳ್ಳಾರಿಯಲ್ಲಿ ಕೂತು 1831ರ ಹೊತ್ತಿಗೆ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದು ಮುಗಿಸಿದರು, ಕಂಪ್ಯೂಟರ್ ಇಲ್ಲದ ಕಾಲದಲ್ಲಿ. ನಮಗೆ 48 ಪುಟ ತಿದ್ದಲು ಆಗುವುದಿಲ್ಲವಾ? 

ಎರಡನೆಯದು ಇನ್ನೂ ದೊಡ್ಡದು. ಎಲ್ಲವನ್ನೂ ಕಥೆ ಮಾಡಲು ಹೋಗಿ ಕಥೆಗೆ ಸಿಗದ್ದನ್ನೆಲ್ಲ ಹಾರಿಸಿದರು. ಯೋಬ, ಕೀರ್ತನೆಗಳು, ಜ್ಞಾನೋಕ್ತಿ, ಪ್ರಸಂಗಿ ಎಲ್ಲ ಸೇರಿ ಒಂದೇ ಸಂಜೆ. ಹಗ್ಗದ ಮೇಲೆ, ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನನ್ನು ಎಲ್ಲಿ ಸಿಕ್ಕಿಸಬೇಕು ಅಂತ ಗೊತ್ತಾಗದೆ ಚೀಟಿ ಕೊನೆಗೂ ಮೇಜಿನ ಮೇಲೇ ಉಳಿಯಿತು. ಮಗು ಕಳೆದುಕೊಂಡ ಆ ಹೆಣ್ಣುಮಗಳಿಗೆ ಬೇಕಾಗಿದ್ದದ್ದು ಅದೇ ಪುಸ್ತಕ ಅಲ್ವಾ? ಇನ್ನೂ ಎರಡು ಶನಿವಾರ ಜಾಸ್ತಿ ಮಾಡಿ, 100 ರೂಪಾಯಿ ಜಾಸ್ತಿ ತಗೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

ಅಪೊಸ್ತಲರ ಕೃತ್ಯಗಳು ಮುಗಿದ ಕೂಡಲೇ ಒಂದೇ ನೆಗೆತಕ್ಕೆ 1834. ಮಧ್ಯೆ ಹದಿನೇಳು ಅಡಿ ಹಗ್ಗ ಬೋಳು! ಮೊದಲು ಹೇಳಿದ ಖಾಲಿ ಜಾಗಗಳು ಸತ್ಯವೇದವೇ ಬಿಟ್ಟದ್ದು, ಇದು ನಾವು ಬಿಟ್ಟದ್ದು. ನಮ್ಮ ಜೊತೆ ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ ಆಂಟಿ ಒಬ್ಬರು ಬರುತ್ತಿದ್ದರು, ಸೊಸೆ ಈ ಸಭೆಯವಳು ಅಂತ. ಅವರು ಎದ್ದು "ನಮ್ಮವರು ಗೋವಾದಿಂದ ಬಂದದ್ದು ನಿಮ್ಮ ಮಿಶನ್ ಬರುವ ಎಷ್ಟೋ ಮೊದಲು ಮಾರಾಯ್ರೆ, ನಮ್ಮ ಚೀಟಿ ಎಲ್ಲಿ?" ಅಂದರು. ಕೇರಳದ ಒಬ್ಬ ಅಂಕಲ್, ನಮ್ಮದು ಸಂತ ತೋಮನ ಕಾಲದಿಂದ, ಕ್ರಿಸ್ತಶಕ 52 ಅಂತ ನಮ್ಮ ಹಿರಿಯರ ನಂಬಿಕೆ, ನಮ್ಮದೂ ಹಾಕಿ ಅಂದರು. ಅರ್ಧ ಗಂಟೆ ಅದೇ ಆಯಿತು. ಆ ಅರ್ಧ ಗಂಟೆ ನಿಜವಾಗಿ ತುಂಬಾ ಚೆನ್ನಾಗಿತ್ತು, ಪುಸ್ತಿಕೆಯಲ್ಲಿ ಇಲ್ಲದ್ದು.

ವಾಟ್ಸಾಪ್ ಗ್ರೂಪಿಗೆ ಸೇರಬೇಡಿ. ಬೆಳಿಗ್ಗೆ ಐದಕ್ಕೆ ಗುಲಾಬಿ ಹೂವಿನ ಮೇಲೆ ವಚನ ಶುರುವಾಗುತ್ತದೆ, ಅದರಲ್ಲಿ ಯೆರೆಮೀಯ 29:11 ವಾರಕ್ಕೆ ಮೂರು ಸಲ. ಏಳನೇ ವಾರ ಆದ ಮೇಲೂ!

ಕೊನೆಯ ದಿನ ಎಲ್ಲರೂ ತಮ್ಮ ತಮ್ಮ ಹೆಸರು ಬರೆದು ಹಗ್ಗಕ್ಕೆ ಸಿಕ್ಕಿಸಬೇಕಿತ್ತು. ಕೇಳಿದಾಗ ಸ್ವಲ್ಪ ಸಂಡೇ ಸ್ಕೂಲ್ ಆಟದ ಹಾಗೆ ಅನ್ನಿಸಿ ಮುಜುಗರ ಆಯಿತು. ಆದರೆ ಆದದ್ದೇ ಬೇರೆ. ಒಂದು ಅಡಿಗೆ 100 ವರ್ಷ ಅಂದರೆ ಒಬ್ಬ ಮನುಷ್ಯನ ಇಡೀ ಆಯುಷ್ಯ ಎಂಟೊಂಬತ್ತು ಅಂಗುಲ. ನಾವು 23 ಜನ, ಎಲ್ಲರೂ ಅದೇ ಎಂಟೊಂಬತ್ತು ಅಂಗುಲದಲ್ಲೇ ಸಿಕ್ಕಿಸಬೇಕು. ಚೀಟಿಯ ಮೇಲೆ ಚೀಟಿ, ಕ್ಲಿಪ್ಪಿನ ಮೇಲೆ ಕ್ಲಿಪ್ಪು, ಭಾರಕ್ಕೆ ಹಗ್ಗ ಜೋತು ಬಿತ್ತು. ಒಬ್ಬರ ಹೆಸರೂ ಓದಲು ಬರುತ್ತಿರಲಿಲ್ಲ. ನನ್ನದು ಕೊಂಕಣಿ ಆಂಟಿಯದರ ಹಿಂದೆ ಎಲ್ಲೋ ಹೋಯಿತು. ಎಲ್ಲರೂ ನಕ್ಕೆವು. ಫೋಟೋ ತೆಗೆದರೆ ಅದರಲ್ಲಿ ಕಾಣುವುದು ಒಂದು ಬಿಳಿ ಗೊಂಚಲು, ಅದರಾಚೆ ಕಿಟಕಿ, ಕಿಟಕಿಯಾಚೆ ಬನಿಯನ್ನು.

ಯಾರಿಗೆ ಇದು ಸರಿ? ವರ್ಷಕ್ಕೆ ಒಂದು ಸಲ ಇಡೀ ಸತ್ಯವೇದ ಓದುತ್ತೇನೆ ಅಂತ ಜನವರಿಯಲ್ಲಿ ಹೊರಟು ಫೆಬ್ರವರಿಯಲ್ಲಿ ಯಾಜಕಕಾಂಡದಲ್ಲಿ ನಿಂತುಹೋಗುವ ನನ್ನಂಥವರಿಗೆ ಸರಿ. ಲೆಕ್ಕ ಸುಲಭವೇ, 1189 ಅಧ್ಯಾಯ, ದಿನಕ್ಕೆ ಮೂರು, ಭಾನುವಾರ ಐದು ಅಂತ ಓದಿದರೆ ಮುಗಿಯುತ್ತದೆ. ಒಬ್ಬರೇ ಓದಿದರೆ ಮುಗಿಯುವುದಿಲ್ಲ ಅಷ್ಟೇ. ಕಾಯಿಲೆ ವಾಸಿಯಾಗಬೇಕು, ವೀಸಾ ಬರಬೇಕು, ಸೈಟು ರಿಜಿಸ್ಟರ್ ಆಗಬೇಕು ಅಂತ ಒಂದೇ ವಚನ ಹುಡುಕುತ್ತಿರುವವರಿಗೆ ಇಲ್ಲಿ ಅದು ಸಿಗುವುದಿಲ್ಲ, ಮುನಿಸಿಕೊಂಡು ಮೂರನೇ ವಾರಕ್ಕೆ ಬಿಡುತ್ತಾರೆ. ನಮ್ಮಲ್ಲಿ ಐದಾರು ಜನ ಬಿಟ್ಟರು. ಅವರನ್ನು ತಪ್ಪು ಅನ್ನಲಾರೆ. ಆಗಸ್ಟಿನಲ್ಲಿ ನಾನಾಗಿದ್ದರೂ ಬಿಡುತ್ತಿದ್ದೆ.

5ಕ್ಕೆ 4 ಕೊಡುತ್ತೇನೆ. ಪುಸ್ತಿಕೆಗೆ ಅರ್ಧ ಕಳೆದಿದ್ದೇನೆ, ಯೋಬನಿಗೆ ಒಂದು ಕಳೆದಿದ್ದೇನೆ, ಮೈಕ್ ಮುಟ್ಟದ್ದಕ್ಕೆ ಅರ್ಧ ಸೇರಿಸಿದ್ದೇನೆ. ಆ ಕಾರ್ಡು ಈಗಲೂ ಸತ್ಯವೇದದಲ್ಲೇ ಇದೆ, ಹತ್ತನೇ ವಚನವನ್ನು ಅದರ ಮೇಲ್ಭಾಗದಲ್ಲಿ ಪೆನ್ನಿನಲ್ಲಿ ಸೇರಿಸಿ ಬರೆದಿದ್ದೇನೆ, ಜಾಗ ಸಾಲದೆ ಕೊನೆಯ ಪದ ಹಿಂಬದಿಗೆ ಹೋಯಿತು.

ಮುಂದಿನ ಬ್ಯಾಚು ಈಸ್ಟರ್ ಆದ ಮೇಲೆ. ಫೀಸಿನ ಲೆಕ್ಕ ನೋಡಿಕೊಳ್ಳುತ್ತೀರಾ ಅಂತ ಸರ್ ನನ್ನನ್ನೇ ಕೇಳಿದ್ದಾರೆ, ಹೂಂ ಅಂದಿದ್ದೇನೆ. ಮೊದಲ ಖರ್ಚು ಮೂರನೇ ಸಾಲಿನ ಫ್ಯಾನು. ಎಲೆಕ್ಟ್ರಿಷಿಯನ್ ಬಂದು ನೋಡಿ ಹೋದ, ಕೆಪಾಸಿಟರ್ ಹೋಗಿದೆಯಂತೆ, ಕೂಲಿ ಸೇರಿ 250 ಕೇಳಿದ. ರಶೀದಿ ಕೊಡು ಅಂದಿದ್ದೇನೆ.